ಜಾಹೀರಾತನ್ನು ಎರಡನೇ ಸಲ ನೋಡುವುದು
ಅಮೆರಿಕದ ಕಲಾವಿದ ರಿಚರ್ಡ್ ಪ್ರಿನ್ಸ್ ಅವರ ಕುರಿತ ಲೇಖನವೊಂದನ್ನು ಓದಿದೆ. ಪ್ರಿನ್ಸ್ ಅವರು ಜಾಹೀರಾತುಗಳ ಫೋಟೋ ತೆಗೆದು ಪ್ರದರ್ಶಿಸಿದ್ದು ಬರಿಯ ನಕಲು ಎಂಬ ಆಕ್ಷೇಪವನ್ನು ಅದರ ಲೇಖಕರು ತಳ್ಳಿಹಾಕದೆ ಎದುರಿಸಿರುವುದು ನನಗೆ ಮೆಚ್ಚುಗೆಯಾಯಿತು. 1970ರ ದಶಕದಲ್ಲಿ ನ್ಯೂಯಾರ್ಕಿನ ಟೈಮ್-ಲೈಫ್ ಪ್ರಕಾಶನ ಸಂಸ್ಥೆಯಲ್ಲಿ ಪತ್ರಿಕೆಗಳಿಂದ ಲೇಖನಗಳನ್ನು ಕತ್ತರಿಸಿ ಕೊಡುವ ಕೆಲಸದಲ್ಲಿದ್ದ ಪ್ರಿನ್ಸ್ ಅವರ ಮುಂದೆ ಕಡೆಗೆ ಉಳಿಯುತ್ತಿದ್ದುದು ಜಾಹೀರಾತಿನ ಪುಟಗಳೇ ಎಂಬುದನ್ನು ನೆನೆದರೆ, ಆ ಕಲೆ ಹುಟ್ಟಿದ ಬಗೆ ತಾನಾಗಿ ಅರ್ಥವಾಗುತ್ತದೆ. ಮಾರ್ಲ್‌ಬೊರೊ ಸಿಗರೇಟಿನ ಕೌಬಾಯ್ ಚಿತ್ರಗಳಿಂದ ಅಕ್ಷರಗಳನ್ನು ಹೊರಗಿಟ್ಟು ಉಳಿದ ಭಾಗವನ್ನು ಹಿಗ್ಗಿಸಿ ತೋರಿಸಿದಾಗ, ಮಾರುವ ಸರಕೇ ಕಾಣದಿದ್ದರೂ ಮಾರಾಟದ ಆಮಿಷ ಹಾಗೆಯೇ ಉಳಿದಿರುತ್ತದೆ. ಆ ಕುದುರೆ, ಆ ಧೂಳು, ಆ ಸಂಜೆಬೆಳಕು ಎಲ್ಲವೂ ಯಾರೋ ಹೂಡಿದ ಆಟವೆಂದು ಆಗ ಮೆಲ್ಲಗೆ ಹೊಳೆಯುತ್ತದೆ. ಇದನ್ನು ನಕಲು ಎನ್ನಲು ನನಗೆ ಮನಸ್ಸಿಲ್ಲ. ಆದರೆ ಮೂಲ ಛಾಯಾಗ್ರಾಹಕರ ವಿಷಯ (ಸ್ಯಾಮ್ ಏಬೆಲ್ ಅವರಲ್ಲೊಬ್ಬರು) ಲೇಖನದಲ್ಲಿ ಒಂದೇ ಸಾಲಿಗೆ ಮುಗಿದಿದೆ. ಈ ಸರಣಿಯ ಒಂದು ಚಿತ್ರ 2005ರ ಹರಾಜಿನಲ್ಲಿ 10 ಲಕ್ಷ ಡಾಲರ್ ದಾಟಿದ್ದನ್ನು ಹೇಳುವಾಗಲಾದರೂ, ಬಯಲಿನಲ್ಲಿ ಕ್ಯಾಮೆರಾ ಹಿಡಿದು ಬೆಳಕಿಗಾಗಿ ಕಾದವರ ಹೆಸರನ್ನು ಜೊತೆಗೇ ಹೇಳಬೇಕಿತ್ತು ಎನ್ನಿಸಿತು.