ಬ್ರಹ್ಮಾಂಡ ಉಳಿಸಲು ಹೊರಟವರು ಕ್ಯೂನಲ್ಲಿದ್ದಾರೆ

ಕಥೆ, ಸಿನಿಮಾ, ಕಾಮಿಕ್ಸ್‌ಗಳ ಅಭಿಮಾನಿಗಳು ಮೆಚ್ಚಿನ ಪಾತ್ರಗಳ ವೇಷ ತೊಟ್ಟು ಸೇರುವ ಫ್ಯಾನ್ ಕನ್ವೆನ್ಷನ್‌ಗೆ ಮೊದಲ ಸಲ ಹೊರಟವರು ತಿಂಗಳುಗಟ್ಟಲೆ ಮೊದಲೇ ಕತ್ತಿ ಮಾಡಲು ಕೂರುತ್ತಾರೆ. ನಿಲ್ಲುವುದನ್ನು ಮಾತ್ರ ಒಬ್ಬರೂ ಅಭ್ಯಾಸ ಮಾಡುವುದಿಲ್ಲ. ಕತ್ತಿ ಬೀಸುವ ಸಂದರ್ಭ ಅಲ್ಲಿ ಒಮ್ಮೆಯೂ ಬರುವುದಿಲ್ಲ. ನಿಲ್ಲುವ ಸಂದರ್ಭಕ್ಕೆ ಬರವಿಲ್ಲ. ಬ್ಯಾಡ್ಜ್‌ಗೊಂದು ಕ್ಯೂ, ಬ್ಯಾಗ್ ತಪಾಸಣೆಗೊಂದು, ಹಸ್ತಾಕ್ಷರಕ್ಕೊಂದು, ಶೌಚಾಲಯಕ್ಕೆ ಎಲ್ಲಕ್ಕಿಂತ ಉದ್ದದ್ದೊಂದು. ಇದು ಯಾವುದರ ಕ್ಯೂ ಎಂದು ಕೇಳಿ ನೋಡಿ. "ಗೊತ್ತಿಲ್ಲ, ಉದ್ದ ಇತ್ತಲ್ಲ, ನಿಂತ್ಕೊಂಡೆ" ಎನ್ನುವವರು ಪ್ರತಿ ಸಾಲಿನಲ್ಲೂ ಸಿಗುತ್ತಾರೆ.

1939ರಲ್ಲಿ ನ್ಯೂಯಾರ್ಕ್‌ನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮ್ಮೇಳನ, ವರ್ಲ್ಡ್‌ಕಾನ್, ನಡೆದಾಗ ಸೇರಿದ್ದವರು ಸುಮಾರು 200 ಮಂದಿ. ಭವಿಷ್ಯಕಾಲದ ವೇಷ ತೊಟ್ಟು ಬಂದವರು ಫಾರೆಸ್ಟ್ ಆಕರ್ಮನ್ ಮತ್ತು ಮರ್ಟಲ್ ಡಗ್ಲಸ್. ಎರಡೂ ಉಡುಪನ್ನು ಹೊಲಿದವರು ಮರ್ಟಲ್; ಹೆಸರು ಹೆಚ್ಚು ಓಡಾಡಿದ್ದು ಫಾರೆಸ್ಟ್‌ರದು. ಈ ಸಂಪ್ರದಾಯಕ್ಕೇನೂ ಧಕ್ಕೆ ಬಂದಿಲ್ಲ.

ಈಗ ಹೊಲಿಗೆಯ ಜಾಗಕ್ಕೆ ಇವಿಎ ಫೋಮ್ ಎಂಬ ಹಗುರವಾದ ಸ್ಪಂಜಿನಂಥ ಹಾಳೆ ಬಂದಿದೆ. ಎದೆಕವಚಕ್ಕೆ 5 ಮಿ.ಮೀ., ಮೇಲಿನ ಕುಸುರಿಗೆ 2 ಮಿ.ಮೀ., ಭುಜದ ದಪ್ಪ ಭಾಗಕ್ಕೆ 10 ಮಿ.ಮೀ. ಎಂದು ಅನುಭವಿಗಳು ಹೇಳಿದರೆ, ಹೊಸಬರು ಎಲ್ಲಕ್ಕೂ 10 ಮಿ.ಮೀ. ತಂದು ಮೊಣಕೈ ಮಡಚಲಾಗದ ಮಹಾವೀರರಾಗುತ್ತಾರೆ. ಅಂಟಿನ ಕಥೆ ಇನ್ನೂ ಚೆಂದ. ಕಾಂಟ್ಯಾಕ್ಟ್ ಸಿಮೆಂಟ್ ಎಂಬ ಅಂಟನ್ನು ಜೋಡಿಸುವ ಎರಡೂ ಮೈಗೆ ತೆಳುವಾಗಿ ಬಳಿದು, ಕಿಟಕಿ ತೆರೆದಿಟ್ಟು, ಬೆರಳಿಗೆ ಮೆತ್ತಿಕೊಳ್ಳದಷ್ಟು ಒಣಗುವವರೆಗೆ ಹತ್ತು ಹದಿನೈದು ನಿಮಿಷ ಸುಮ್ಮನಿರಬೇಕು. ಆಮೇಲೆ ಒಂದೇ ಸಲ ಸರಿಯಾಗಿ ಕೂರಿಸಿ ಒತ್ತಬೇಕು, ಏಕೆಂದರೆ ಹಿಡಿದ ಮೇಲೆ ಅದು ಸರಿಸಗೊಡುವುದಿಲ್ಲ. ಮೂರು ಸಂಪುಟಗಳ ಸೇಡಿನ ಕಥೆಯನ್ನು ತಾಳ್ಮೆಯಿಂದ ಓದಿದವರಿಗೆ ಈ ಹದಿನೈದು ನಿಮಿಷ ಮಾತ್ರ ಆಗದು. ಹಸಿಯಾಗಿಯೇ ಒತ್ತುತ್ತಾರೆ, ಕವಚ ಸಭಾಂಗಣದ ನಟ್ಟನಡುವೆ ಬಾಯಿ ಬಿಡುತ್ತದೆ. ಇಷ್ಟೂ ಬೇಡವೆಂದು ಕಾಯಿಸಿ ಹಚ್ಚುವ ಹಾಟ್ ಗ್ಲೂ ಹಿಡಿದವರ ಕವಚ, ಬಿಸಿಲಲ್ಲಿ ನಿಂತ ಕಾರಿನೊಳಗೇ ಕರಗಿ ಶರಣಾಗಿರುತ್ತದೆ. ಇನ್ನು ಫೋಮಿನ ಮೇಲೆ ಬಿಸಿಗಾಳಿ ಊದುವ ಹೀಟ್ ಗನ್ ಆಡಿಸಿ ರಂಧ್ರ ಮುಚ್ಚದೆ, ಬಣ್ಣಕ್ಕೆ ಮುಂಚಿನ ಲೇಪವಾದ ಬಾಗುವ ಪ್ರೈಮರ್ ಬಳಿಯದೆ ನೇರವಾಗಿ ಬಣ್ಣ ಹೊಡೆದರೆ ಮೊದಲ ನಮಸ್ಕಾರಕ್ಕೇ ಹೊಟ್ಟೆಯ ಭಾಗ ಬಿರುಕು ಬಿಡುತ್ತದೆ.

ಹಿಂದಿನ ರಾತ್ರಿ ಎರಡು ಗಂಟೆಗೆ ಬಣ್ಣ ಹಚ್ಚುವುದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ: ಯುದ್ಧಕಾಲೇ ಶಸ್ತ್ರಾಭ್ಯಾಸ.

ಒಂದು ವಾರ ಮುಂಚೆಯೇ ವೇಷ ತೊಟ್ಟು ಮೂರು ಗಂಟೆ ಮನೆಯಲ್ಲಿ ಓಡಾಡಿದರೆ ಅರ್ಧ ಅವಮಾನ ತಪ್ಪುತ್ತದೆ. ಕೂರಲಾಗುತ್ತದೆಯೇ, ಮೆಟ್ಟಿಲು ಕಾಣುತ್ತದೆಯೇ, ರೆಕ್ಕೆ ಬಾಗಿಲಲ್ಲಿ ತೂರುತ್ತದೆಯೇ, ಶಿರಸ್ತ್ರಾಣದೊಳಗೆ ಕನ್ನಡಕಕ್ಕೆ ಆವಿ ಕಟ್ಟುತ್ತದೆಯೇ? ಮುಖ್ಯವಾಗಿ, ಶೌಚಾಲಯದಲ್ಲಿ ಎಷ್ಟು ಬಕಲ್ ಬಿಚ್ಚಬೇಕು, ಅದರಲ್ಲಿ ಎಷ್ಟು ಬೆನ್ನ ಹಿಂದಿವೆ? ಗ್ರಹಗಳನ್ನೇ ಪುಡಿಗಟ್ಟುವ ಖಳನಾಯಕ ಈ ಒಂದು ಪ್ರಶ್ನೆಗೆ ಹೆದರಿ ಬೆಳಗಿನಿಂದ ನೀರೇ ಕುಡಿಯದೆ ಮಧ್ಯಾಹ್ನ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಮಲಗುತ್ತಾನೆ. ಆದ್ದರಿಂದ ಅರ್ಜುನನಿಗೂ ಬೇಕಾಗಿದ್ದ ಒಬ್ಬ ಸಾರಥಿ ಇಲ್ಲಿಯೂ ಬೇಕು: ವೇಷ ಹಾಕದ ಗೆಳೆಯ. ಅವನ ಬ್ಯಾಗಿನಲ್ಲಿ ಸೇಫ್ಟಿ ಪಿನ್, ಸೂಪರ್ ಗ್ಲೂ, ಡಬಲ್ ಸೈಡೆಡ್ ಟೇಪ್, ಸೂಜಿದಾರ, ಕಾಲಿನ ಗುಳ್ಳೆಗೆ ಪ್ಲಾಸ್ಟರ್, ನೀರು. ಅವನ ಫೋಟೋ ಯಾರೂ ತೆಗೆಯುವುದಿಲ್ಲ. ಮರ್ಟಲ್ ವಂಶ.

ಬಾಗಿಲಲ್ಲಿ ಆಯುಧ ತಪಾಸಣೆ. ಲೋಹದ ಅಲಗು ಒಳಗೆ ಹೋಗದು, ನಿಜದಂತೆ ಕಾಣುವ ಬಂದೂಕಿಗೆ ಹಲವೆಡೆ ಕಿತ್ತಳೆ ಬಣ್ಣದ ತುದಿ ಕಡ್ಡಾಯ. ನಿಯಮಾವಳಿ ಮೊದಲೇ ಪ್ರಕಟವಾಗಿರುತ್ತದೆ, ಅದನ್ನು ಬಾಗಿಲಿಗೆ ಬಂದಮೇಲೆ ಓದುವುದು ವಾಡಿಕೆ. ಪಾಸಾದ ಕತ್ತಿಯನ್ನು ವಾಲಂಟಿಯರ್ ಒಂದು ಜಿಪ್ ಟೈ ಹಾಕಿ ಒರೆಗೇ ಕಟ್ಟಿಬಿಡುತ್ತಾರೆ. ಡ್ರ್ಯಾಗನ್ ಕೈಲಾಗದ್ದನ್ನು ಅಂಗೈಯುದ್ದದ ಪ್ಲಾಸ್ಟಿಕ್ ಪಟ್ಟಿ ಮಾಡಿ ಮುಗಿಸುತ್ತದೆ.

ಒಳಗೆ ಬಂದಿರಿ. ಸಾವಿರಾರು ಫೋನುಗಳು ಒಂದೇ ಟವರಿಗೆ ಜೋತುಬಿದ್ದು ನೆಟ್‌ವರ್ಕ್ ಸತ್ತಿರುತ್ತದೆ. ಟಿಕೆಟ್, ವೇಳಾಪಟ್ಟಿ, ನಕ್ಷೆಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡವರೇ ಜಾಣರು, ಕಲಾವಿದರು ತಮ್ಮ ಚಿತ್ರಗಳನ್ನು ಮಾರುವ ಆರ್ಟಿಸ್ಟ್ ಆಲಿಯಲ್ಲಿ ಚಿಲ್ಲರೆ ಇದ್ದವರೇ ಶ್ರೀಮಂತರು. ಪವರ್ ಬ್ಯಾಂಕಿನ ಮೇಲೆ 10,000 ಎಂಎಎಚ್ ಎಂದಿದ್ದರೂ ವೋಲ್ಟೇಜ್ ಏರಿಸುವಾಗಿನ ನಷ್ಟ ಕಳೆದು ಕೈಗೆ ದಕ್ಕುವುದು ಸುಮಾರು 6,000. ಗಂಟೆಗಟ್ಟಲೆ ನಿಂತು ಪಡೆದ ತಾರೆಯ ಜೊತೆಗಿನ ಫೋಟೋ ಕೆಲವೇ ಸೆಕೆಂಡಿನದು, ಅದರಲ್ಲೂ ನಿಮ್ಮ ಕಣ್ಣು ಮುಚ್ಚಿರುತ್ತದೆ.

ಅಮೆರಿಕದ ದೊಡ್ಡ ಕನ್ವೆನ್ಷನ್ ಸ್ಯಾನ್ ಡಿಯೇಗೊ ಕಾಮಿಕ್-ಕಾನ್‌ನ ಹಾಲ್ ಎಚ್ ಎಂಬ ಸಭಾಂಗಣದಲ್ಲಿ ಸುಮಾರು 6,500 ಆಸನ. ಒಂದು ಕಾರ್ಯಕ್ರಮ ಮುಗಿದರೂ ಸಭಾಂಗಣ ಖಾಲಿ ಮಾಡಿಸುವುದಿಲ್ಲ. ಹಾಗಾಗಿ ಸಂಜೆಯದಕ್ಕಾಗಿ ಬೆಳಗಿನಿಂದ ಬೇಡದ್ದನ್ನೆಲ್ಲ ನೋಡುತ್ತ ಕೂತವರೂ, ಅದಕ್ಕಾಗಿ ಹಿಂದಿನ ರಾತ್ರಿ ಹೊರಗೆ ಮಲಗಿದವರೂ ಇರುತ್ತಾರೆ. ಕೊನೆಗೆ ಪ್ರಶ್ನೋತ್ತರ ಬಂದಾಗ ಮೈಕ್ ಸಿಕ್ಕವರು "ಪ್ರಶ್ನೆ ಅಂತೇನಿಲ್ಲ, ಒಂದೆರಡು ಮಾತು" ಎಂದು ಶುರುಮಾಡಿ ಉಳಿದವರ ಸಮಯವನ್ನೂ ಮುಗಿಸುತ್ತಾರೆ.

ಇಷ್ಟರ ನಡುವೆ ಬದುಕಿರಲು ಕನ್ವೆನ್ಷನ್ ಲೋಕದಲ್ಲೊಂದು 5-2-1 ಸೂತ್ರವಿದೆ: ದಿನಕ್ಕೆ ಕನಿಷ್ಠ ಐದು ಗಂಟೆ ನಿದ್ದೆ, ಎರಡು ಊಟ, ಒಂದು ಸ್ನಾನ. ವಯಸ್ಕರಿಗೆ ಸ್ನಾನ ಮಾಡಿ ಎಂದು ಸೂತ್ರ ಬರೆದು ಹೇಳಬೇಕಾಗಿ ಬಂದ ಉತ್ಸವವಿದು. ಪಾಲಿಸಬೇಕಾದವರ ಪಕ್ಕದಲ್ಲೇ ನಿಮಗೆ ಕ್ಯೂನಲ್ಲಿ ಜಾಗ ಸಿಗುತ್ತದೆ.

ಮನೆಗೆ ಬಂದ ಎರಡು ಮೂರು ದಿನಕ್ಕೆ ಕೆಮ್ಮು, ಮೈಕೈ ನೋವು, ಜ್ವರ. ಕಾನ್ ಕ್ರಡ್, ಅಂದರೆ ಕನ್ವೆನ್ಷನ್ ಕಾಯಿಲೆ, ಎಂಬ ಹೆಸರೂ ಅದಕ್ಕಿದೆ. ಹೊದ್ದು ಮಲಗಿದವರ ಕೈಯಲ್ಲಿ ಫೋನ್ ಇರುತ್ತದೆ. ಮುಂದಿನ ವರ್ಷದ ಟಿಕೆಟ್ ಮಾರಾಟ ಶುರುವಾಗಿದೆ. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿದೆ: ನೀವು ಸರದಿಯಲ್ಲಿದ್ದೀರಿ, ದಯವಿಟ್ಟು ಪುಟವನ್ನು ರಿಫ್ರೆಶ್ ಮಾಡಬೇಡಿ.