ಕೊಡಪಾನದ ಹೊಟ್ಟೆಯ ಬುಟ್ಟಿ

ನಮ್ಮನೆ ಅಟ್ಟದ ಮೇಲೆ ಒಂದು ಮೂಲೆ ನನ್ನದು. ತೊಳೆದು ಒಣಗಿಸಿದ ಹಾಲಿನ ಕವರ್‌ಗಳ ಕಟ್ಟು, ಮೂರು ವರ್ಷದ ಮದುವೆ ಕಾರ್ಡುಗಳು, ಹಾರ್ಲಿಕ್ಸ್ ಬಾಟಲಿ, ನಿಂತ ಗಡಿಯಾರ, ಹಿಡಿ ಕಿತ್ತ ಛತ್ರಿ, ಎಲ್ಲ ಅಲ್ಲಿವೆ. ಹೆಂಡತಿ ಅದನ್ನು ಗುಜರಿ ಅನ್ನುತ್ತಾಳೆ, ನಾನು ಕಚ್ಚಾ ಮಾಲು ಅನ್ನುತ್ತೇನೆ. ಶಾಲೆಯಲ್ಲಿ ನಮ್ಮ ಮೇಷ್ಟ್ರು 'ಕಸದಿಂದ ರಸ' ಅಂತ ಬಳೆಚೂರಿನಲ್ಲಿ ನವಿಲು ಮಾಡಿಸಿದ್ದರು. ಆ ನವಿಲಿಗೆ ಬಹುಮಾನ ಬಂದದ್ದೇ ತಪ್ಪಾಯಿತು ನೋಡಿ.

ನಮ್ಮದು ಸಾಗರ. ಗಂಧದ ತುಂಡಿನಲ್ಲಿ ಆನೆ, ಅಂಬಾರಿ ಎಲ್ಲ ಕೆತ್ತುವ ಗುಡಿಗಾರರ ಊರು. ಆ ಗಾಳಿ ನನಗೂ ಸ್ವಲ್ಪ ಸೋಕಿರಬೇಕು ಅಂತ ನಾನು ನಂಬಿದ್ದೆ.

ಮೊದಲು ಕೈ ಹಾಕಿದ್ದು ಬಾಟಲಿಗೆ. ಸೀಮೆಎಣ್ಣೆಯಲ್ಲಿ ಅದ್ದಿದ ದಾರವನ್ನು ಬಾಟಲಿಗೆ ಸುತ್ತಿ, ಬೆಂಕಿ ಹಚ್ಚಿ, ಗಾಜು ಕಾದ ಕೂಡಲೇ ತಣ್ಣೀರಿಗೆ ಇಳಿಸಿದರೆ ದಾರ ಇದ್ದ ಕಡೆಗೇ ಸೀಳುತ್ತದೆ, ಮೇಲಿನ ಕುತ್ತಿಗೆ ಹೋಗಿ ಕೆಳಗೆ ಲೋಟ ಉಳಿಯುತ್ತದೆ. ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತೆ? ಹೆಂಡತಿಯ ನೈಲ್ ಪಾಲಿಶ್ ರಿಮೂವರ್ ತೆಗೆದುಕೊಂಡೆ. ಗಾಜು ಸೀಳಿತು, ಆದರೆ ದಾರವನ್ನು ಕೇಳಲಿಲ್ಲ. ಅಂಚು ನಮ್ಮ ಘಟ್ಟದ ರಸ್ತೆಯ ಹಾಗೆ ಏರಿಳಿದು ತಿರುಗಿತ್ತು. ಬೆರಳಿಗೆ ಬ್ಯಾಂಡೇಜು. ಆ ವಿಷಯ ಅಷ್ಟಕ್ಕೇ ಬಿಡೋಣ.

ಆಮೇಲೆ ತೆಂಗಿನ ಕರಟ. ಎಂಟು ಕರಟಕ್ಕೆ ನಾಲ್ಕು ಸಂಜೆ ಉಪ್ಪುಕಾಗದ ಉಜ್ಜಿ, ಎಣ್ಣೆ ಹಚ್ಚಿ, ಕನ್ನಡಿಯಂತೆ ಮಾಡಿ ಬಚ್ಚಲ ಪಕ್ಕ ಒಣಗಲು ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಒಂದೂ ಇಲ್ಲ, ಹಂಡೆಯಲ್ಲಿ ನೀರು ಮಾತ್ರ ಕೊತಕೊತ ಕುದಿಯುತ್ತಿತ್ತು.

"ಎಣ್ಣೆ ಹಚ್ಚಿಟ್ಟಿದ್ದೆಯಲ್ಲ, ಪುಣ್ಯಾತ್ಮ. ಒಂದೇ ಕಡ್ಡಿಗೆ ಹತ್ತಿಕೊಂಡಿತು ಕಣೋ" ಎಂದರು ಅಮ್ಮ. ಅವರ ಮುಖದಲ್ಲಿ ನಿಜವಾದ ಮೆಚ್ಚುಗೆ ಇತ್ತು.

ಆ ಪಶ್ಚಾತ್ತಾಪಕ್ಕೋ ಏನೋ, ಅವರೇ ಪೇಪರ್ ಬುಟ್ಟಿಯ ಮಾತು ತೆಗೆದರು. ಅಮ್ಮನ ತವರು ಚಳ್ಳಕೆರೆ ಕಡೆ. ಅಲ್ಲಿ ಅವರಜ್ಜಿ ಹಳೇ ಕಾಗದ ಚೂರು ಮಾಡಿ ನೆನೆಹಾಕಿ, ದಿನಾ ನೀರು ಬದಲಿಸಿ, ಮೂರನೇ ದಿನ ಒರಳಲ್ಲಿ ಕುಟ್ಟಿ, ನೆನೆಸಿ ರುಬ್ಬಿದ ಮೆಂತ್ಯ ಸೇರಿಸಿ, ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ ಒಣಗಿಸುತ್ತಿದ್ದರಂತೆ. ಮೆಂತ್ಯದ ಲೋಳೆ ಅಂಟಿನ ಕೆಲಸ ಮಾಡುತ್ತದೆ, ಕಹಿಗೆ ಹುಳವೂ ಹತ್ತಿರ ಬರುವುದಿಲ್ಲ. ಕಾಳು, ಹಪ್ಪಳ, ಬೆಳ್ಳುಳ್ಳಿ ಎಲ್ಲ ಆ ಬುಟ್ಟಿಯಲ್ಲೇ. ಖರ್ಚು ಅಂದ್ರೆ ಒಂದು ಹಿಡಿ ಮೆಂತ್ಯ.

ಖರ್ಚಿಲ್ಲ ಅಂದರೆ ನನಗೆ ಅಷ್ಟು ಸಾಕು.

ಒರಳಲ್ಲಿ ಯಾರು ಕುಟ್ಟುತ್ತಾರೆ ಅಂತ ನೆಂದ ಪೇಪರನ್ನು ಮಿಕ್ಸಿಗೆ ಹಾಕಿದೆ. ಎರಡು ಸುತ್ತು ಚೆನ್ನಾಗೇ ಬಂತು. ಮೂರನೆಯದಕ್ಕೆ ಗೊರ್ ಅಂದು, ಸುಟ್ಟ ವಾಸನೆ ಬಿಟ್ಟು ನಿಂತಿತು. ರಿಪೇರಿಯವನು ಬಿಚ್ಚಿ ನೋಡಿ, "ಸಾರ್, ಏನು ರುಬ್ಬಿದ್ರಿ?" ಎಂದ.

"ಪೇಪರ್."

ಅವನು ಒಂದು ಕ್ಷಣ ಸುಮ್ಮನಿದ್ದು, "ಯಾವುದು?" ಎಂದ.

"ಭಾನುವಾರದ್ದು. ಪುರವಣಿ ಸಮೇತ."

ಅದೇ ತಪ್ಪಂತೆ! ಮಾಮೂಲಿ ಪೇಪರ್ ಬೇಗ ನೆಂದು ಹಿಟ್ಟಾಗುತ್ತದೆ, ಪುರವಣಿಯ ಮಿರಮಿರ ಹಾಳೆ ಸುಲಭಕ್ಕೆ ಕರಗುವುದಿಲ್ಲ. ಇದನ್ನು ಹೇಳಿದ್ದು ಅಮ್ಮ, ನಾನು 850 ರೂಪಾಯಿ ಕೊಟ್ಟು ಬಂದ ಮೇಲೆ.

ಬುಟ್ಟಿಗೆ ಅಚ್ಚು ಬೇಕಲ್ಲ, ಅಮ್ಮ ಬಕೆಟ್ ಸಾಕು ಎಂದರು. ನನಗೆ ಆಕಾರ ಚೆನ್ನಾಗಿರಬೇಕು. ಹೆಂಡತಿಯ ತವರಿನಿಂದ ಬಂದ ಹಿತ್ತಾಳೆ ಕೊಡಪಾನ ಬೋರಲು ಹಾಕಿ ಮೆತ್ತುತ್ತಾ ಹೋದೆ. ತಳ ಮುಗಿಯಿತು, ಹೊಟ್ಟೆ ಬಂತು, ಅದೂ ಮುಗಿಯಿತು, ಕೈ ಕುದುರಿತ್ತು ನೋಡಿ, ಕುತ್ತಿಗೆಯವರೆಗೂ ಮೆತ್ತಿದೆ. ಹೊಟ್ಟೆ ದಾಟಿ ಕೆಳಗಿಳಿದ ಬುಟ್ಟಿ ಆಮೇಲೆ ಮೇಲೆ ಬರುವುದು ಹೇಗೆ ಎಂಬ ಪ್ರಶ್ನೆ ಆಗ ಏಳಲೇ ಇಲ್ಲ. ಮೆತ್ತುವ ಮೊದಲು ಕೊಡಪಾನದ ಮೇಲೆ ಬಟ್ಟೆ ಹಾಸಬೇಕಿತ್ತು ಅನ್ನುವುದೂ ಆಮೇಲೆ ಗೊತ್ತಾದ ವಿಷಯ.

ಇಷ್ಟಕ್ಕೂ ಅದು ಜುಲೈ. ಚಳ್ಳಕೆರೆಯ ಬಿಸಿಲಲ್ಲಿ ಎರಡು ದಿನಕ್ಕೆ ಒಣಗುವುದು ಸಾಗರದ ಮಳೆಯಲ್ಲಿ ಒಣಗಬೇಕಲ್ವಾ? ಐದನೇ ದಿನ ಬೂಷ್ಟು ಬಂತು. ಬಚ್ಚಲ ಒಲೆಯ ಪಕ್ಕ ಇಟ್ಟೆವು. ಮನೆ ತುಂಬಾ ಮೆಂತ್ಯದ ಘಾಟು. ಪಕ್ಕದ ಮನೆಯವರು ಬಂದು, ಯಾರಿಗೆ ಬಾಣಂತನ ಅಂತ ಕೇಳಿದರು. ಬಚ್ಚಲ ಪಕ್ಕ ಮಲಗಿಸಿರುವ ದುಂಡು ಮಗುವನ್ನು ತೋರಿಸಿದೆವು.

ಹನ್ನೆರಡನೇ ದಿನ ಬುಟ್ಟಿ ಗಟ್ಟಿಯಾಯಿತು. ಒಣಗಿದಂತೆ ಕುಗ್ಗಿ ಕೊಡಪಾನವನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡಿತ್ತು. ನಾನು ಬುಟ್ಟಿ ಹಿಡಿದೆ, ಹೆಂಡತಿ ಕೊಡಪಾನದ ಬಾಯಿ ಹಿಡಿದಳು, ಇಬ್ಬರೂ ಎಳೆದೆವು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇಬ್ಬರೂ ಸೇರಿ ಇಷ್ಟು ಶ್ರದ್ಧೆಯಿಂದ ಒಂದು ಕೆಲಸ ಮಾಡಿದ್ದು ಅದೇ ಮೊದಲು. ಬರಲಿಲ್ಲ. ಕೊನೆಗೆ ಹ್ಯಾಕ್ಸಾ ಬ್ಲೇಡಿನಲ್ಲಿ ಮೇಲಿಂದ ಕೆಳಗೆ ಕೊಯ್ದು ಎರಡು ಹೋಳು ಮಾಡಿ ಬಿಡಿಸಿದೆ. ಹೆಂಡತಿ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದಳು: ಮಿಕ್ಸಿ 850, ರದ್ದಿಗೆ ಹಾಕಿದ್ದರೆ ಬರುತ್ತಿದ್ದ ನಾಲ್ಕು ಕೆಜಿ ಪೇಪರಿನ ದುಡ್ಡು 60, ಮೆಂತ್ಯ 30. "ರೀ, ಸಂತೆಯಲ್ಲಿ ಮೇದಾರರು ಹೆಣೆದ ಬಿದಿರು ಬುಟ್ಟಿ 150ಕ್ಕೆ ಸಿಗ್ತಿತ್ತು" ಎಂದಷ್ಟೇ ಹೇಳಿದಳು.

ಅಮ್ಮ ಮಾತಾಡದೆ ಗೋಣಿಸೂಜಿ ತಂದು ಎರಡೂ ಹೋಳನ್ನು ಹೊಲಿದು, ಸ್ವಲ್ಪ ಮೆಂತ್ಯ ಮೆತ್ತಿ, ಬೆಳ್ಳುಳ್ಳಿ ತುಂಬಿ ತೂಗುಹಾಕಿದರು. ಅದು ಈಗಲೂ ಇದೆ.

ಗೌರಿ ಹಬ್ಬಕ್ಕೆ ನಮ್ಮತ್ತೆ ಬಂದಾಗ ಬುಟ್ಟಿ ಇಳಿಸಿ ಒಳಗೆ ಬೆರಳಾಡಿಸಿದರು. ಕೊಡಪಾನದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆಸಿದ್ದ ಅವರ ಹೆಸರು ಕಾಗದದಲ್ಲಿ ಅಚ್ಚಾಗಿ ಮೂಡಿತ್ತು.

"ಇದು ನನ್ನ ಹೆಸರಲ್ವಾ? ಉಲ್ಟಾ ಯಾಕಿದೆ?"

ಕನ್ನಡಿ ಮುಂದೆ ಹಿಡಿದರೆ ಸರಿ ಕಾಣುತ್ತೆ ಎಂದೆ. ಅವರು ನಿಜಕ್ಕೂ ಬೆಳ್ಳುಳ್ಳಿ ಸುರಿದು, ಬುಟ್ಟಿಯನ್ನು ಕನ್ನಡಿ ಹತ್ತಿರ ಒಯ್ದು, ಒಂದೊಂದೇ ಅಕ್ಷರ ಓದಿ ಖುಷಿಪಟ್ಟರು. "ಅಳಿಯಂದಿರೇ, ನಮ್ಮನೆಗೂ ಇಂಥದ್ದೊಂದು ಮಾಡಿಕೊಡಿ" ಎಂದರು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಮಿಕ್ಸಿ ಜಾರು ಕಪಾಟಿನೊಳಗೆ ಹೋಗಿ ಬೀಗ ಬಿದ್ದ ಸದ್ದು ಕೇಳಿಸಿತು.