ಪೋಸ್ಟ್‌ಗ್ರೆಸ್ ಕಮಾಂಡ್‌ಗಳ ಹೆಸರು, ಜಾಗ ಬದಲಾಗಬೇಕೆ?

ಪರ: ಯಾರ ಕಮಾಂಡ್ ಎಂದು ಹೆಸರಲ್ಲೇ ಇರಲಿ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಬಳಕೆದಾರರನ್ನೂ ಡೇಟಾಬೇಸ್‌ಗಳನ್ನೂ ಸೃಷ್ಟಿಸುವ, ಅಳಿಸುವ ಕಮಾಂಡ್‌ಗಳು ನಾಲ್ಕು: ಕ್ರಿಯೇಟ್‌ಯೂಸರ್, ಡ್ರಾಪ್‌ಯೂಸರ್, ಕ್ರಿಯೇಟ್‌ಡಿಬಿ, ಡ್ರಾಪ್‌ಡಿಬಿ. ನಾಲ್ಕರಲ್ಲೂ ಪೋಸ್ಟ್‌ಗ್ರೆಸ್‌ನ ಸುಳಿವಿಲ್ಲ. ಆದರೂ ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ಇವು ಎಲ್ಲರ ಕೈಗೂ ಸಿಗುವ /ಯುಎಸ್‌ಆರ್/ಬಿನ್ ಫೋಲ್ಡರ್‌ನಲ್ಲೇ ಕೂತಿವೆ. ಬ್ಯಾಕಪ್ ತೆಗೆಯುವ ಪಿಜಿ_ಡಂಪ್, ಅದನ್ನು ಮರಳಿ ತುಂಬುವ ಪಿಜಿ_ರಿಸ್ಟೋರ್ ಎಂಬ ಒಡಹುಟ್ಟುಗಳಿಗೆ ಮಾತ್ರ 'ಪಿಜಿ_' ಎಂಬ ಮನೆತನದ ಹೆಸರು.

ಮೈಸೂರಿನ ಯಾವುದೇ ಕಾಲೇಜು ಲ್ಯಾಬ್ ತೆಗೆದುಕೊಳ್ಳಿ. ಹೊಸ ಬ್ಯಾಚ್‌ನ ಹುಡುಗನಿಗೆ ಮಿಷನ್‌ಗೆ ಲಾಗಿನ್ ಬೇಕು. ಲ್ಯಾಬ್ ಸಹಾಯಕರು 'ಸುಡೋ ಕ್ರಿಯೇಟ್‌ಯೂಸರ್ ರವಿ' ಒತ್ತುತ್ತಾರೆ (ಸುಡೋ ಎಂದರೆ ಮಿಷನ್‌ನ ಸರ್ವಾಧಿಕಾರಿ ಖಾತೆಯಾದ 'ರೂಟ್'ನ ಹಕ್ಕಿನಲ್ಲಿ ಓಡಿಸು ಎಂದು). 'ರೂಟ್ ಎಂಬ ರೋಲ್ ಇಲ್ಲ' ಎಂದು ಎರರ್; ರೋಲ್ ಎಂದರೆ ಪೋಸ್ಟ್‌ಗ್ರೆಸ್‌ನೊಳಗಿನ ಖಾತೆ. ರೂಟೇ ಇಲ್ಲವೆಂದರೆ ಮಿಷನ್ನೇ ಕೆಟ್ಟಿದೆ ಅನ್ನಿಸದೆ ಇರುತ್ತದೆಯೇ? ಪಕ್ಕದವರು 'ಸುಡೋ -ಯು ಪೋಸ್ಟ್‌ಗ್ರೆಸ್ ಅಂತ ಸೇರಿಸಿ ಸಾರ್' ಎನ್ನುತ್ತಾರೆ. ಪೋಸ್ಟ್‌ಗ್ರೆಸ್ ಎಂಬ ಬಳಕೆದಾರನಾಗಿ ಓಡಿಸು ಎನ್ನುವ ಅದನ್ನು ಸೇರಿಸಿದರೆ ಸದ್ದಿಲ್ಲದೆ ಕೆಲಸ ಮುಗಿಯುತ್ತದೆ. ಆಮೇಲೆ ಹುಡುಗ ಎಸ್‌ಎಸ್‌ಎಚ್ ಮೂಲಕ ದೂರದಿಂದ ಲಾಗಿನ್ ಆಗಲು ಹೋದರೆ ಒಳಗೆ ಬಿಡುವುದಿಲ್ಲ. 'ಐಡಿ ರವಿ' ಕೊಟ್ಟರೆ ಅಂಥ ಬಳಕೆದಾರನೇ ಇಲ್ಲ. ಡೇಟಾಬೇಸ್‌ನಲ್ಲಿ ಮಾತ್ರ ಲಾಗಿನ್ ಹಕ್ಕಿರುವ ರೋಲ್ ಒಂದು ಯಾರಿಗೂ ಬೇಡದೆ ಬಿದ್ದಿರುತ್ತದೆ. ಬೇಕಿದ್ದದ್ದು ಲಿನಕ್ಸ್‌ನ ಆಡ್‌ಯೂಸರ್.

ಡ್ರಾಪ್‌ಡಿಬಿ ಇನ್ನೂ ಅಪಾಯಕಾರಿ. -ಐ ಕೊಡದಿದ್ದರೆ 'ಅಳಿಸಲೇ?' ಎಂದು ಕೇಳುವುದೇ ಇಲ್ಲ. ಯಾರಾದರೂ ಆ ಡೇಟಾಬೇಸ್‌ಗೆ ಕನೆಕ್ಟ್ ಆಗಿದ್ದರಷ್ಟೇ ನಿಲ್ಲುತ್ತದೆ. 13ನೇ ಆವೃತ್ತಿಯಲ್ಲಿ --ಫೋರ್ಸ್ ಬಂದ ಮೇಲೆ ಆ ತಡೆಯನ್ನೂ ದಾಟಬಹುದು. ಒಂದೇ ಸರ್ವರ್‌ನಲ್ಲಿ ಮಾರಿಯಾಡಿಬಿ ಎಂಬ ಇನ್ನೊಂದು ಡೇಟಾಬೇಸ್ ತಂತ್ರಾಂಶವೂ ಇದ್ದರೆ ಈ 'ಡಿಬಿ' ಯಾವುದು?

ಹೆಸರು ಬದಲಿಸಿದರೆ ಲೋಕವೇ ಮುಳುಗುತ್ತದೆ ಎನ್ನುವವರು 2017ರ 10ನೇ ಆವೃತ್ತಿಯನ್ನು ನೋಡಲಿ. ಹೆಸರಲ್ಲಿ 'ಲಾಗ್' ಇದೆಯೆಂದು, ಬೇಡದ ದಾಖಲೆ ಎಂದುಕೊಂಡು, ಡಿಸ್ಕ್ ತುಂಬಿದಾಗ ಪಿಜಿ_ಎಕ್ಸ್‌ಲಾಗ್ ಫೋಲ್ಡರ್‌ನ ಫೈಲ್ ಅಳಿಸಿ ಡೇಟಾಬೇಸನ್ನೇ ಕೆಡಿಸಿಕೊಳ್ಳುತ್ತಿದ್ದರು. ಅದನ್ನು ಪಿಜಿ_ವಾಲ್ ಮಾಡಿದರು. ಪಿಜಿ_ರೀಸೆಟ್‌ಎಕ್ಸ್‌ಲಾಗ್ ಹೋಗಿ ಪಿಜಿ_ರೀಸೆಟ್‌ವಾಲ್ ಬಂತು. ಕ್ರಿಯೇಟ್‌ಲ್ಯಾಂಗ್, ಡ್ರಾಪ್‌ಲ್ಯಾಂಗ್‌ಗಳನ್ನು ತೆಗೆದೇ ಹಾಕಿದರು. ಯಾರೂ ಸಾಯಲಿಲ್ಲ.

ಆದ್ದರಿಂದ /ಯುಎಸ್‌ಆರ್/ಬಿನ್‌ನಲ್ಲಿ ಪಿಜಿ_ಕ್ರಿಯೇಟ್‌ಯೂಸರ್, ಪಿಜಿ_ಡ್ರಾಪ್‌ಡಿಬಿ ಇರಲಿ. ಹಳೆಯ ಹೆಸರುಗಳು /ಯುಎಸ್‌ಆರ್/ಲಿಬ್/ಪೋಸ್ಟ್‌ಗ್ರೆಸ್‌ಕ್ಯೂಎಲ್/15/ಬಿನ್ ಥರದ ಜಾಗದಲ್ಲಷ್ಟೇ ಉಳಿಯಲಿ. ಇನಿಟ್‌ಡಿಬಿ, ಪಿಜಿ_ಸಿಟಿಎಲ್ ಎಂಬ ಪೋಸ್ಟ್‌ಗ್ರೆಸ್ ಕಮಾಂಡ್‌ಗಳು ಈಗಾಗಲೇ ಅಲ್ಲಿವೆ. ಬೇಕಾದವರು ಆ ಜಾಗವನ್ನು ಪಾತ್‌ಗೆ, ಅಂದರೆ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ, ಸೇರಿಸಿಕೊಳ್ಳುತ್ತಾರೆ.

ವಿರೋಧ: ಓಡುತ್ತಿರುವ ಸ್ಕ್ರಿಪ್ಟ್‌ಗೆ ಕೈ ಹಾಕಬೇಡಿ

ಇಂದು ಹೊಸದಾಗಿ ಬರೆಯುವುದಾದರೆ ನಾನೂ ಪಿಜಿ_ ಎಂದೇ ಇಡುತ್ತಿದ್ದೆ, ಅದರಲ್ಲಿ ತಕರಾರಿಲ್ಲ. ಆದರೆ ಮ್ಯಾನ್ಯುಯಲ್ ತೆರೆಯದೆ ಸುಡೋ ಒತ್ತುವವರನ್ನು ಯಾವ ಹೆಸರೂ ಕಾಯದು.

'ಪಾತ್‌ಗೆ ಸೇರಿಸಿಕೊಳ್ಳುತ್ತಾರೆ' ಎನ್ನುವುದು ಸುಲಭ. ಗೊತ್ತುಪಡಿಸಿದ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ಕ್ರಾನ್, ನೀವು ಪಾತ್ ಬರೆದಿಡುವ ಬ್ಯಾಷ್ ಫೈಲ್ ಓದುವುದಿಲ್ಲ. ಸಾಮಾನ್ಯ ಬಳಕೆದಾರನ ಕ್ರಾನ್‌ಗೆ ಗೊತ್ತಿರುವುದು /ಯುಎಸ್‌ಆರ್/ಬಿನ್ ಮತ್ತು /ಬಿನ್ ಎರಡೇ.

ಹೆಸರು ಬದಲಿಸುವ ಇದೇ ದಾರಿಯನ್ನು ಮಾರಿಯಾಡಿಬಿ ಹಿಡಿದಿದೆ. 10.5ನೇ ಆವೃತ್ತಿಯಿಂದ ಅದರ ಬ್ಯಾಕಪ್ ಕಮಾಂಡ್‌ನ ಮೂಲ ಹೆಸರು ಮಾರಿಯಾಡಿಬಿ-ಡಂಪ್. ಹಳೆಯ ಹೆಸರಾದ ಮೈಎಸ್‌ಕ್ಯೂಎಲ್‌ಡಂಪ್ ಬರೀ ಸಿಮ್‌ಲಿಂಕ್, ಅಂದರೆ ಹೊಸದರತ್ತ ಕೈತೋರಿಸುವ ಕೊಂಡಿ. 11ನೇ ಆವೃತ್ತಿಯ ಡಾಕರ್ ಇಮೇಜ್‌ನಲ್ಲಿ (ಓಡಿಸಲು ಸಿದ್ಧವಾಗಿರುವ ತಂತ್ರಾಂಶದ ಕಟ್ಟಿನಲ್ಲಿ) ಆ ಹಳೆಯ ಹೆಸರೂ ಇಲ್ಲ. ಈಗ ಮಂಡ್ಯದ ಬೆಲ್ಲದ ಮಂಡಿಯೊಂದರ ಲೆಕ್ಕದ ಸರ್ವರ್ ಎಂದಿಟ್ಟುಕೊಳ್ಳಿ. ಸ್ಕ್ರಿಪ್ಟ್ ಬರೆದವರು ಎಂದೋ ಬೆಂಗಳೂರಿಗೆ ಹೋಗಿಯಾಗಿದೆ. ಅದರಲ್ಲಿರುವುದು ಒಂದೇ ಸಾಲು: ಮೈಎಸ್‌ಕ್ಯೂಎಲ್‌ಡಂಪ್‌ನಿಂದ ಡಂಪ್ (ಬ್ಯಾಕಪ್) ತೆಗೆದು, ಪೈಪ್ ಮೂಲಕ ಫೈಲ್ ಕುಗ್ಗಿಸುವ ಜಿಜಿಪ್‌ಗೆ ಕೊಡು. ಇಮೇಜ್ ಅಪ್‌ಡೇಟ್ ಆದ ರಾತ್ರಿ ಡಂಪ್ ಕಮಾಂಡ್ ಸಿಗುವುದಿಲ್ಲ, ಆದರೆ ಜಿಜಿಪ್ ಖಾಲಿ ಇನ್‌ಪುಟ್ಟನ್ನೇ ಕುಗ್ಗಿಸಿ 20 ಬೈಟ್‌ನ ಫೈಲ್ ಬರೆದಿಡುತ್ತದೆ. ಪೈಪ್‌ನ ಕೊನೆಯ ಕಮಾಂಡ್ ಗೆದ್ದಿದೆ, ಹಾಗಾಗಿ ಎಕ್ಸಿಟ್ ಕೋಡ್ ಸೊನ್ನೆ, ಅಂದರೆ 'ಎಲ್ಲ ಸರಿ'. ದಿನವೂ ತಾರೀಖು ಹೊತ್ತ ಫೈಲ್ ಬೀಳುತ್ತಿರುವುದರಿಂದ ಬ್ಯಾಕಪ್ ಆಗುತ್ತಿದೆ ಎಂದೇ ಎಲ್ಲರ ನಂಬಿಕೆ. ಪೈಪ್‌ನ ಯಾವ ಕಮಾಂಡ್ ಸೋತರೂ ಸೋಲೆಂದೇ ಎಣಿಸುವ 'ಸೆಟ್ -ಓ ಪೈಪ್‌ಫೇಲ್' ಸ್ಕ್ರಿಪ್ಟ್‌ನಲ್ಲಿ ಇದ್ದರೆ ತಕ್ಷಣ ಸಿಕ್ಕಿಬೀಳುತ್ತಿತ್ತು. ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಅದನ್ನು ಹಾಕಿರುವವರು ಎಷ್ಟು ಮಂದಿ?

10ನೇ ಆವೃತ್ತಿಯಲ್ಲಿ ಯಾರೂ ಸಾಯಲಿಲ್ಲವಂತೆ. ಆಗ ಹೆಸರು ಬದಲಾದ ಪಿಜಿ_ಸ್ವಿಚ್_ಎಕ್ಸ್‌ಲಾಗ್ ಎಂಬ ಫಂಕ್ಷನ್ ಕರೆಯುತ್ತಿದ್ದ ಬ್ಯಾಕಪ್ ಸ್ಕ್ರಿಪ್ಟ್‌ಗಳೆಲ್ಲ ಅಂದೇ ನಿಂತವು.

ಬದಲಿಸಲೇಬೇಕು ಎಂದರೆ ಹಳೆಯ ಹೆಸರು /ಯುಎಸ್‌ಆರ್/ಬಿನ್‌ನಲ್ಲೇ ಸಿಮ್‌ಲಿಂಕ್ ಆಗಿರಲಿ, ಕನಿಷ್ಠ 5 ವರ್ಷ. ಪೋಸ್ಟ್‌ಗ್ರೆಸ್‌ನ ಒಂದು ಪ್ರಮುಖ ಆವೃತ್ತಿಗೆ ಬೆಂಬಲ ಇರುವುದೂ ಅಷ್ಟೇ. ಕರೆದಾಗಲೆಲ್ಲ ಸ್ಟ್ಯಾಂಡರ್ಡ್ ಎರರ್‌ಗೆ (ಎರರ್ ಸಂದೇಶಗಳು ಹೋಗುವ ದಾರಿಗೆ) ಒಂದು ಸಾಲಿನ ಎಚ್ಚರಿಕೆ ಹೋಗಲಿ. ಆದರೆ ಅದರಲ್ಲೂ ಅಪಾಯವಿದೆ: ಮೈಎಸ್‌ಕ್ಯೂಎಲ್‌ಡಂಪ್‌ನಂಥ ಕಮಾಂಡ್‌ನಲ್ಲಿ ಎರರನ್ನೂ ಔಟ್‌ಪುಟ್ಟನ್ನೂ ಒಂದೇ ಫೈಲಿಗೆ ತಿರುಗಿಸಿದವರ ಡಂಪ್‌ನೊಳಗೆ ಆ ಸಾಲೂ ಸೇರಿ ರಿಸ್ಟೋರ್ ಕೈಕೊಡುತ್ತದೆ. ಅದಕ್ಕೆ ಪರ ಬರೆದವರು ಏನೆನ್ನುತ್ತಾರೋ ನೋಡೋಣ.